ಕೆರೆ ಬಾಯಲ್ಲಿರೋ ಸಿಲ್ಟ್ ಟ್ರ್ಯಾಪ್ ಕ್ಲೀನ್ ಮಾಡೋರು ಯಾರು?

ಸಂಪಾದಕರಿಗೆ ನಮಸ್ಕಾರ,

ಮುಂಗಾರಿಗೆ ಮುಂಚೆ ರಾಜಕಾಲುವೆ ಹೂಳೆತ್ತೋ ಸುದ್ದಿ ಪ್ರತಿ ವರ್ಷ ಪೇಪರಲ್ಲಿ ಬರತ್ತೆ, ಆದ್ರೆ ಕಾಲುವೆ ಕೆರೆಗೆ ಸೇರೋ ಜಾಗದಲ್ಲಿರೋ ಸಿಲ್ಟ್ ಟ್ರ್ಯಾಪ್ (ಹೂಳು ಹಿಡಿಯೋ ತೊಟ್ಟಿ) ಬಗ್ಗೆ ಯಾರೂ ಬಾಯಿ ಬಿಡಲ್ಲ. ಬೆಂಗಳೂರಲ್ಲಿ ಅಭಿವೃದ್ಧಿ ಮಾಡಿರೋ ಎಷ್ಟೋ ಕೆರೆಗಳಲ್ಲಿ ಇದನ್ನ ಕಟ್ಟಿದಾರೆ, ನಮ್ಮ ಏರಿಯಾ ಕೆರೇಲೂ ಇದೆ, ಈಗ ಅದು ತುಂಬಿ ಮೇಲೆ ಹುಲ್ಲು ಬೆಳೆದು ದನ ಮೇಯ್ತಿವೆ.

ರೋಡಿಂದ ರಭಸವಾಗಿ ಬರೋ ಮಳೆ ನೀರನ್ನ ಅಗಲವಾದ ತೊಟ್ಟೀಲಿ ಸ್ವಲ್ಪ ಹೊತ್ತು ನಿಧಾನ ಮಾಡಿದ್ರೆ ಗಲೀಜು ತಳ ಸೇರತ್ತೆ, ಅಷ್ಟೇ ಇದ್ರ ಕೆಲಸ. ಗಲೀಜು ಅಂದ್ರೆ ಬರೀ ಮಣ್ಣಲ್ಲ ಸ್ವಾಮಿ, ಸವೆದ ಟೈರಿನ ಪುಡಿ, ಬ್ರೇಕ್ ಧೂಳು, ಅದ್ರಲ್ಲಿರೋ ಸತು ತಾಮ್ರ, ಜೊತೆಗೆ ರಂಜಕ, ಇವೆಲ್ಲ ಹೆಚ್ಚಾಗಿ ಸಣ್ಣ ಕಣಗಳಿಗೆ ಅಂಟ್ಕೊಂಡೇ ಬರ್ತವೆ, ಅದ್ರಲ್ಲೂ ಬೇಸಿಗೆ ಪೂರ್ತಿ ಧೂಳು ಕುಡಿದ ರೋಡ್ ಮೇಲೆ ಬೀಳೋ ಮೊದಲ ಮಳೆ ನೀರಂತೂ ಕೇಳ್ಬೇಡಿ.

ಎಲ್ಲಾ ಒಂದೇ ಸ್ಪೀಡಲ್ಲಿ ಕೂರಲ್ಲ. ನಿಂತ ನೀರಲ್ಲಿ 0.1 ಮಿ.ಮೀ. ಮರಳು ಒಂದು ಮೀಟರ್ ಇಳಿಯೋಕೆ ಸುಮಾರು 2 ನಿಮಿಷ ಸಾಕು, 0.01 ಮಿ.ಮೀ. ಕಣಕ್ಕೆ ಸುಮಾರು 3 ಗಂಟೆ ಬೇಕು, ಜೇಡಿಯ ನುಣುಪು ಕಣಕ್ಕೆ 10 ದಿನಕ್ಕೂ ಜಾಸ್ತಿ. ತೊಟ್ಟಿ ತುಂಬೋಗಿದ್ರೆ ನೀರು ನಿಲ್ಲೋದೆಲ್ಲಿ? ಮೇಲಿಂದ ಮೇಲೇ ಹರಿದೋಗತ್ತೆ, ದೊಡ್ಡ ಮಳೆ ಬಂದ್ರೆ ಕೂತಿದ್ದ ಹೂಳನ್ನೂ ಎಬ್ಬಿಸ್ಕೊಂಡು ಕೆರೆಗೆ ಸುರಿಯತ್ತೆ. ಆಮೇಲೆ ಕೋಟಿ ಸುರಿದು ಇಡೀ ಕೆರೆ ಹೂಳೆತ್ತೋದು, ಕಂಟ್ರಾಕ್ಟರ್‌ಗೆ ಹಬ್ಬ.

ಯುಜಿಡಿ (ಒಳಚರಂಡಿ) ನೀರು ಕಾಲುವೆಗೆ ಬಿಡೋದನ್ನ ನಿಲ್ಲಿಸದೆ ಇದ್ರೆ ಯಾವ ತೊಟ್ಟೀನೂ ಪ್ರಯೋಜನ ಇಲ್ಲ ಅನ್ನೋದೂ ನಿಜ, ಯಾಕಂದ್ರೆ ಕರಗಿರೋ ಅಮೋನಿಯಾ ಎಷ್ಟು ಹೊತ್ತು ಕಾದ್ರೂ ತಳಕ್ಕೆ ಕೂರಲ್ಲ, ಅದಕ್ಕೆ ಶುದ್ಧೀಕರಣ ಘಟಕವೇ ಬೇಕು. ಜಕ್ಕೂರು ಕೆರೇಲಿ ಘಟಕದಿಂದ ಬಂದ ನೀರನ್ನ ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡೋ ವ್ಯವಸ್ಥೆ ಇದೆ, ಹೋಗಿ ನೋಡ್ಬಹುದು.

ಹಿಂದೆ ಕೆರೆಗೋಡು, ಅಂದ್ರೆ ಕೆರೆ ಹೂಳನ್ನ, ಹೊಲಕ್ಕೆ ಹೊಡೀತಿದ್ರು, ಆದ್ರೆ ಸಿಟಿ ರೋಡಿನ ಹೂಳನ್ನ ಲ್ಯಾಬಲ್ಲಿ ಟೆಸ್ಟ್ ಮಾಡ್ದೆ ರೈತರಿಗೆ ಕೊಡೋದು ಬೇಡ, ಎತ್ತಿ ದಡದ ಮೇಲೆ ಗುಡ್ಡೆ ಹಾಕೋದಂತೂ ಬೇಡವೇ ಬೇಡ, ಮುಂದಿನ ಮಳೇಗೆ ವಾಪಸ್ ಒಳಗೇ.

ಪ್ರತಿ ಟ್ರ್ಯಾಪ್ ಪಕ್ಕ ಒಂದು ಬೋರ್ಡ್ ಹಾಕಿ, ಕೊನೇ ಸಲ ಯಾವಾಗ ಖಾಲಿ ಮಾಡಿದ್ರು, ಎಷ್ಟು ಲೋಡ್ ತೆಗೆದ್ರು, ಎಲ್ಲಿ ಸುರಿದ್ರು ಅಂತ ಬರೀಲಿ. ಮಳೆಗಾಲದ ಮಧ್ಯೆ ಒಂದ್ಸಲನಾದ್ರೂ ಜೆಸಿಬಿ ಇಳೀಲಿ.

ಇಂತಿ,
ಒಬ್ಬ ಓದುಗ, ಬೆಂಗಳೂರು