ಪಂದ್ಯಕ್ಕೆ ಮುಂಚೆಯೇ ಏಕೆ ಎಂಬ ನಿನ್ನ ಪ್ರಶ್ನೆಗೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಸೆಮಿಫೈನಲ್‌ಗೆ ವಾರವೂ ಉಳಿದಿಲ್ಲದಿರುವಾಗ, ಈ ಋತುವಿನಲ್ಲಿ ನಿಮ್ಮ ಫುಟ್‌ಬಾಲ್ ತಂಡದ ಪರವಾಗಿ ಅತಿ ಹೆಚ್ಚು ಗೋಲು ಹೊಡೆದ ಆಟಗಾರ್ತಿ ವಸತಿಗೃಹದಲ್ಲಿ ಕಿಟ್ ನೋಡಿಕೊಳ್ಳುವ ಹುಡುಗಿಯ ಮೇಲೆ ಕೈಮಾಡಿದಳೆಂಬ ದೂರು ದಾಖಲಾದದ್ದು, ಅದು ಪತ್ರಿಕೆಗಳಿಗೆ ಹೋದದ್ದು, ಅಭ್ಯಾಸ ನೋಡಲು ಬಂದ ವರದಿಗಾರರು ಆಟದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಹೋದದ್ದು, ಎಲ್ಲವನ್ನೂ ಸಿಟ್ಟಿನಲ್ಲೇ ಬರೆದಿದ್ದೀಯ. ಸಿಟ್ಟು ಬರಬೇಕಾದದ್ದೇ. ಅದು ಯಾರ ಮೇಲೆ ತಿರುಗಿದೆ ಎಂಬಲ್ಲಿ ಮಾತ್ರ ನನ್ನ ತಕರಾರು. “ದೂರು ಕೊಡಲೇಬೇಕಿದ್ದರೆ ಪಂದ್ಯ ಮುಗಿದ ಮೇಲೆ ಕೊಡಬಹುದಿತ್ತಲ್ಲ” ಎಂದು ನೀನು ಕೇಳಿರುವುದು ಏಟು ತಿಂದವಳನ್ನು ಕುರಿತು.

ಪಂದ್ಯದ ದಿನ ನಿಮಗೆಲ್ಲರಿಗೂ ಮೊದಲೇ ಗೊತ್ತಿತ್ತು. ಕೈ ಎತ್ತಿದವಳಿಗೂ ಗೊತ್ತಿತ್ತು. ನೀನೇ ಬರೆದಿರುವಂತೆ ಘಟನೆ ನಡೆದದ್ದು ರಾತ್ರಿ, ದೂರು ಹೋದದ್ದು ಮರುದಿನ ಬೆಳಿಗ್ಗೆ. ಇದರಲ್ಲಿ ಆ ಹುಡುಗಿ ಸಮಯ ನೋಡಿ ಹೊಂಚು ಹಾಕಿದ್ದೇನಿದೆ? ಅವಳು ಕಾದಿದ್ದರೆ ಏನಾಗುತ್ತಿತ್ತು ಎಂದು ಸ್ವಲ್ಪ ಯೋಚಿಸು. ಗೆದ್ದಿದ್ದರೆ ಸಂಭ್ರಮ ಕೆಡಿಸಬೇಡ ಎನ್ನುತ್ತಿದ್ದರು. ಸೋತಿದ್ದರೆ ಮೊದಲೇ ನೊಂದವರನ್ನು ಇನ್ನಷ್ಟು ನೋಯಿಸಬೇಡ ಎನ್ನುತ್ತಿದ್ದರು. ಅಷ್ಟರಲ್ಲಿ ಋತು ಮುಗಿದು ತಂಡ ಚದುರಿ, ಗದ್ದಲ ಕೇಳಿಸಿಕೊಂಡವರೆಲ್ಲ ತಂತಮ್ಮ ಊರು ಸೇರಿ, ಋತುವಿನ ಮಟ್ಟಿಗೆ ಮಾತ್ರ ಗೊತ್ತುಮಾಡಿಕೊಂಡಿದ್ದ ಅವಳ ಕೆಲಸವೂ ಮುಗಿದಿರುತ್ತಿತ್ತು. ಕಿಟ್ ಹೊರುವವಳಿಗೆ ಕೂಡಿಬರುವ ಮುಹೂರ್ತ ಕ್ರೀಡೆಯ ಪಂಚಾಂಗದಲ್ಲಿ ಇರುವುದೇ ಇಲ್ಲ.

ನಿಮ್ಮ ಮ್ಯಾನೇಜರ್ “ಇಂಥ ಪಂದ್ಯಕ್ಕೆ ಅವಳನ್ನು ಬಿಟ್ಟರೆ ಸೋಲು ಖಂಡಿತ” ಎಂದರಂತೆ. ಆ ಲೆಕ್ಕಾಚಾರ ಎಷ್ಟು ಪೊಳ್ಳು ಎಂಬುದಕ್ಕೆ ಅಮೆರಿಕನ್ ಫುಟ್‌ಬಾಲ್‌ನ ಎರಡು ಸೂಪರ್ ಬೌಲ್‌ಗಳ, ಅಂದರೆ ಅಲ್ಲಿನ ಋತುವಿನ ಅಂತಿಮ ಪಂದ್ಯಗಳ, ಕಥೆ ಹೇಳುತ್ತೇನೆ. ಎರಡೂ ನಡೆದದ್ದು ಮಯಾಮಿಯಲ್ಲಿ, ಹತ್ತು ವರ್ಷಗಳ ಅಂತರದಲ್ಲಿ. 1989ರ ಜನವರಿಯಲ್ಲಿ ಸಿನ್ಸಿನಾಟಿ ಬೆಂಗಲ್ಸ್ ತಂಡದ ಸ್ಟ್ಯಾನ್ಲಿ ವಿಲ್ಸನ್ ಪಂದ್ಯದ ಮುನ್ನಾದಿನದ ರಾತ್ರಿ ಮತ್ತೆ ಕೊಕೇನ್ ಸೇವಿಸಿ ಸಿಕ್ಕಿಬಿದ್ದ. ಕೋಚ್ ಸ್ಯಾಮ್ ವೈಚ್ ಅವನನ್ನು ಕೈಬಿಟ್ಟರು. ಬೆಂಗಲ್ಸ್ 20–16ರಿಂದ ಸೋತಿತು. ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಗೆಲುವಿನ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಗಳಿಸುವ ಅಂಕ) ಬಂದದ್ದು ಆಟಕ್ಕೆ 34 ಸೆಕೆಂಡು ಉಳಿದಿದ್ದಾಗ. (ವಿಲ್ಸನ್‌ನದು ವ್ಯಸನ, ಅದಕ್ಕೆ ಚಿಕಿತ್ಸೆ ಬೇಕು, ಇನ್ನೊಬ್ಬರ ಮೇಲೆ ಕೈಮಾಡಿದ ಪ್ರಕರಣದ ಜೊತೆ ಅದನ್ನು ಒಂದೇ ತಕ್ಕಡಿಗೆ ಹಾಕುವುದು ನನ್ನ ಉದ್ದೇಶವಲ್ಲ. ಇಲ್ಲಿ ನೋಡಬೇಕಾದದ್ದು ಕೋಚ್‌ಗಳ ತೀರ್ಮಾನವನ್ನು.) 1999ರಲ್ಲಿ ಅಟ್ಲಾಂಟಾ ಫಾಲ್ಕನ್ಸ್‌ನ ಯೂಜೀನ್ ರಾಬಿನ್ಸನ್, ಉನ್ನತ ನಡತೆಗೆಂದು ಕೊಡುವ ಬಾರ್ಟ್ ಸ್ಟಾರ್ ಪ್ರಶಸ್ತಿಯನ್ನು ಸ್ವೀಕರಿಸಿದ ದಿನವೇ ರಾತ್ರಿ, ಹಣ ಕೊಟ್ಟು ಲೈಂಗಿಕ ಸೇವೆ ಪಡೆಯಲು ಯತ್ನಿಸಿದ ಆರೋಪದ ಮೇಲೆ ಬಂಧಿತನಾದ, ಅವನು ಮಾತನಾಡಿಸಿದವಳು ಮಾರುವೇಷದ ಪೊಲೀಸ್ ಅಧಿಕಾರಿಯಾಗಿದ್ದಳು. ಮರುದಿನವೇ ಸೂಪರ್ ಬೌಲ್. ಕೋಚ್ ಡ್ಯಾನ್ ರೀವ್ಸ್ ಅವನನ್ನು ಆಡಿಸಿದರು. ಡೆನ್ವರ್‌ನ ಜಾನ್ ಎಲ್‌ವೇ ಎಸೆದ ಚೆಂಡನ್ನು ಹಿಡಿದು ರಾಡ್ ಸ್ಮಿತ್ 80 ಗಜಗಳ ಟಚ್‌ಡೌನ್ ಗಳಿಸಿದಾಗ ಹಿಂದೆ ಬಿದ್ದ ರಕ್ಷಕ ಅದೇ ರಾಬಿನ್ಸನ್. ಫಾಲ್ಕನ್ಸ್ 34–19ರಿಂದ ಸೋತಿತು. ಕೈಬಿಟ್ಟವರೂ ಸೋತರು, ಆಡಿಸಿದವರೂ ಸೋತರು. ಗೆಲುವು ಸೋಲನ್ನು ನೋಡಿ ತೀರ್ಮಾನ ಸರಿಯೋ ತಪ್ಪೋ ಎಂದು ಹೇಳಲು ಹೊರಟವನಿಗೆ ಮಯಾಮಿಯಲ್ಲಿ ಏನೂ ಸಿಗುವುದಿಲ್ಲ.

ನಿನ್ನ ದುಃಖ ನನಗೆ ಅರ್ಥವಾಗುತ್ತದೆ. 2023ರ ಆಗಸ್ಟ್ 20ರಂದು ಸಿಡ್ನಿಯಲ್ಲಿ ಇಂಗ್ಲೆಂಡ್ ವಿರುದ್ಧ ಮಹಿಳಾ ವಿಶ್ವಕಪ್ ಗೆದ್ದುಕೊಟ್ಟ ಸ್ಪೇನ್‌ನ ಏಕೈಕ ಗೋಲು ಯಾರದು ಎಂದು ಕೇಳಿದರೆ, ಫುಟ್‌ಬಾಲ್ ಆಡುವ ನೀನು ಓಲ್ಗಾ ಕಾರ್ಮೋನಾ ಎಂದು ಹೇಳಬಹುದೇನೋ, ಹೆಚ್ಚಿನವರು ಹೇಳಲಾರರು. ಅದೇ ದಿನ ಪದಕ ಪ್ರದಾನದ ವೇಳೆ ಸ್ಪೇನ್ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಲೂಯಿಸ್ ರೂಬಿಯಾಲೆಸ್, ಆಟಗಾರ್ತಿ ಜೆನಿ ಎರ್ಮೋಸೋಳ ತುಟಿಗೆ ಮುತ್ತಿಟ್ಟದ್ದು ಮಾತ್ರ ಎಲ್ಲರಿಗೂ ನೆನಪಿದೆ. ತನ್ನ ಒಪ್ಪಿಗೆ ಇರಲಿಲ್ಲ ಎಂದು ಅವಳು ಹೇಳಿದಳು. 2025ರ ಫೆಬ್ರುವರಿಯಲ್ಲಿ ನ್ಯಾಯಾಲಯ ಅದನ್ನು ಲೈಂಗಿಕ ಹಲ್ಲೆ ಎಂದು ತೀರ್ಮಾನಿಸಿ ಅವನಿಗೆ 10,800 ಯೂರೋ ದಂಡ ವಿಧಿಸಿತು. ಬೆವರು ಸುರಿಸಿದ ಇಪ್ಪತ್ತಮೂರು ಮಂದಿಯ ಸಾಧನೆಯನ್ನು ಮಂಕಾಗಿಸಿದ್ದು ಅವನ ನಡೆ, ಅವಳ ಹೇಳಿಕೆಯಲ್ಲ. ನಿಮ್ಮ ಋತುವನ್ನು ಕದ್ದವರು ಯಾರು ಎಂದು ಹುಡುಕುವಾಗ ಇದು ನಿನ್ನ ಮುಂದಿರಲಿ.

ಇನ್ನು ನಿಮ್ಮ ಆ ಆಟಗಾರ್ತಿಯನ್ನು ಭಾನುವಾರದ ಸೆಮಿಫೈನಲ್‌ನಲ್ಲಿ ಆಡಿಸಬೇಕೇ ಎಂಬ ಪ್ರಶ್ನೆ. ಬೇಡ ಎನ್ನುವವನು ನಾನು. ಆದರೆ ಇದು ಸುಲಭದ ಉತ್ತರವಲ್ಲ ಎಂಬುದನ್ನೂ ಒಪ್ಪುತ್ತೇನೆ, ಏಕೆಂದರೆ ಆರೋಪ ಇನ್ನೂ ಸಾಬೀತಾಗಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಬ್ರಿಸ್ಟಲ್‌ನ ನೈಟ್‌ಕ್ಲಬ್ ಒಂದರ ಹೊರಗೆ ನಡೆದ ಹೊಡೆದಾಟದ ಕಾರಣದಿಂದ ಇಂಗ್ಲೆಂಡ್ ಕ್ರಿಕೆಟಿಗ ಬೆನ್ ಸ್ಟೋಕ್ಸ್ ಆಸ್ಟ್ರೇಲಿಯಾ ವಿರುದ್ಧದ ಇಡೀ ಆಷಸ್ ಸರಣಿಯಿಂದ ಹೊರಗುಳಿಯಬೇಕಾಯಿತು. ಇಂಗ್ಲೆಂಡ್ ಆ ಸರಣಿಯನ್ನು 4–0ಯಿಂದ ಕಳೆದುಕೊಂಡಿತು. ಮರುವರ್ಷದ ಆಗಸ್ಟ್‌ನಲ್ಲಿ ನ್ಯಾಯಾಲಯ ಅವನನ್ನು ನಿರ್ದೋಷಿ ಎಂದಿತು. ಹಾಗಾದರೆ ಅವನಿಗೆ ಅನ್ಯಾಯವಾಯಿತೇ? ಒಂದರ್ಥದಲ್ಲಿ ಆಯಿತು, ಹೋದ ಸರಣಿಯನ್ನು ಯಾರೂ ವಾಪಸು ತಂದುಕೊಡಲಿಲ್ಲ. ಆದರೆ ಕ್ರಿಕೆಟ್‌ನ ಶಿಸ್ತು ಆಯೋಗ ಅದೇ ಡಿಸೆಂಬರ್‌ನಲ್ಲಿ, ಆಟಕ್ಕೆ ಕೆಟ್ಟ ಹೆಸರು ತಂದದ್ದಕ್ಕಾಗಿ ಅವನಿಗೆ 30,000 ಪೌಂಡ್ ದಂಡ ವಿಧಿಸಿದ್ದೂ ನಿಜ. ನ್ಯಾಯಾಲಯ ನೋಡುವುದು ಅಪರಾಧವನ್ನು, ತಂಡ ನೋಡಬೇಕಾದದ್ದು ತನ್ನ ಮೈದಾನದಲ್ಲೂ ವಸತಿಯಲ್ಲೂ ಕೆಲಸ ಮಾಡುವವರ ಸುರಕ್ಷೆಯನ್ನು. ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ, ಸಂಬಳ ನಿಲ್ಲಿಸದೆ, ತಪ್ಪಿತಸ್ಥನೆಂದು ಘೋಷಿಸದೆ, ವಿಚಾರಣೆ ನಡೆಯುವವರೆಗೆ ಆಟಗಾರನನ್ನು ಆಟದಿಂದ ಹೊರಗಿಡುವ ವ್ಯವಸ್ಥೆಯೊಂದಿದೆ; 2014ರಲ್ಲಿ ಏಡ್ರಿಯನ್ ಪೀಟರ್ಸನ್ ಮತ್ತು ಗ್ರೆಗ್ ಹಾರ್ಡಿ ಅವರನ್ನು ಹಾಗೆ ಹೊರಗಿಟ್ಟಿದ್ದರು. ನಿಮ್ಮ ತಂಡವೂ ಅಷ್ಟು ಮಾಡಿದರೆ ಸಾಕು. ಅವಳು ನಿರ್ದೋಷಿಯಾಗಿದ್ದರೆ ಒಂದು ಸೆಮಿಫೈನಲ್ ಕಳೆದುಕೊಂಡಿರುತ್ತಾಳೆ. ಅದು ಚಿಕ್ಕ ನಷ್ಟವೇನಲ್ಲ, ಆ ನಷ್ಟವನ್ನು ತಂಡ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಆದರೂ ಭಾನುವಾರ ಆ ಹುಡುಗಿ ಅವಳ ಬೂಟುಗಳನ್ನೇ ಒರೆಸಿ ಜೋಡಿಸಿಡಬೇಕಾದ ಪರಿಸ್ಥಿತಿಗಿಂತ ಅದು ಮೇಲು ಎಂದು ನನಗನಿಸುತ್ತದೆ.

ಇದೆಲ್ಲ ನಿನ್ನ ಕೈಯಲ್ಲಿಲ್ಲ, ನಿಜ. ನಿನ್ನ ಕೈಯಲ್ಲಿರುವುದು ಮ್ಯಾನೇಜರ್ ಸಹಿಗಾಗಿ ಎಲ್ಲರ ಮುಂದೆ ಹಿಡಿದಿರುವ ಆ ಕಾಗದ. “ಅವರು ಹಾಗೆ ನಡೆದುಕೊಂಡಿರಲು ಸಾಧ್ಯವೇ ಇಲ್ಲ” ಎಂದು ಅದರಲ್ಲಿ ಬರೆದಿದೆ ಎಂದೆಯಲ್ಲ, ಆ ರಾತ್ರಿ ಪಕ್ಕದ ಕೋಣೆಯಲ್ಲಿದ್ದು ಕೂಗಾಟ ಕೇಳಿ ಬಾಗಿಲು ತೆರೆದ ನೀನು ಆ ಮಾತಿನ ಕೆಳಗೆ ಹೇಗೆ ಸಹಿ ಹಾಕುತ್ತೀಯೆ? ಉಳಿದ ಹನ್ನೆರಡು ಮಂದಿ ಹಾಕಿದ್ದಾರೆ ಎಂಬುದು ಕಾರಣವಲ್ಲ. ಅವರು ಮಲಗಿದ್ದದ್ದು ಮೇಲಿನ ಮಹಡಿಯಲ್ಲಿ. ಒಗ್ಗಟ್ಟು ಮುರಿದಳು ಎಂದು ನಿನ್ನನ್ನು ದೂರಬಹುದು, ಪಾಸು ಕೊಡದೆಯೂ ಇರಬಹುದು. ಅಂಥದ್ದೇನೂ ಆಗುವುದಿಲ್ಲ ಎಂದು ಸುಳ್ಳು ಧೈರ್ಯ ಹೇಳಲಾರೆ.

ಬೇರೆ ಹಾಳೆಯಲ್ಲಿ ನಿನ್ನದೇ ಹೇಳಿಕೆ ಬರೆ. ಕೇಳಿಸಿದ ಮಾತು, ಕಂಡ ದೃಶ್ಯ, ಗಂಟೆ ಎಷ್ಟಾಗಿತ್ತು ಎಂಬುದು, ಇಷ್ಟೇ ಇರಲಿ. ಹೊಡೆದದ್ದನ್ನು ನೀನು ಕಣ್ಣಾರೆ ಕಂಡಿಲ್ಲದಿದ್ದರೆ ಕಂಡಿಲ್ಲವೆಂದೇ ಬರೆ. ಹುಡುಗಿ ಕೆನ್ನೆ ಹಿಡಿದುಕೊಂಡು ಗೋಡೆಗೊರಗಿ ಕುಳಿತಿದ್ದದ್ದನ್ನು ಕಂಡಿದ್ದರೆ ಅದನ್ನೂ ಬಿಡಬೇಡ. ನಿಮ್ಮ ಆಟಗಾರ್ತಿಯ ಸ್ವಭಾವದ ಬಗ್ಗೆ, ಹಿಂದಿನ ಜಗಳಗಳ ಬಗ್ಗೆ ಒಂದಕ್ಷರವೂ ಬೇಡ. ವಿಚಾರಣೆ ನಡೆಸುವವರಿಗೆ ಕೊಟ್ಟು, ತಲುಪಿತೆಂಬ ಸಹಿ ಪಡೆದು, ಒಂದು ಪ್ರತಿ ನಿನ್ನ ಬಳಿ ಇಟ್ಟುಕೊಂಡು, ಇನ್ನೊಂದನ್ನು ನನಗೆ ಕಳಿಸು. ಆಮೇಲೆ ಅಭ್ಯಾಸಕ್ಕೆ ಹೋಗು. ಅವಳಿಲ್ಲದಿದ್ದರೆ ಎಡಗಡೆಯಿಂದ ದಾಳಿ ಕಟ್ಟುವ ಹೊಣೆ ನಿನ್ನ ಮೇಲೆ ಬೀಳಬಹುದು. ಹಾಗೆಯೇ ಇವತ್ತೇ ಆ ಹುಡುಗಿಗೊಂದು ಫೋನ್ ಮಾಡಿ, ಊಟ ಮಾಡಿದಳೇ, ಜೊತೆಗೆ ಯಾರಿದ್ದಾರೆ ಎಂದು ವಿಚಾರಿಸು. ತಂಡದಲ್ಲಿ ಈವರೆಗೆ ಯಾರೂ ವಿಚಾರಿಸಿದಂತೆ ನಿನ್ನ ಪತ್ರದಲ್ಲಿ ಕಾಣಲಿಲ್ಲ.

ಇತಿ ನಿನ್ನ
ಅಪ್ಪ