ದೂರು ಪತ್ರ: ಏರ್ ಸಸ್ಪೆನ್ಶನ್ ಕಂಪ್ರೆಸರ್ ದುರಸ್ತಿ ಕಿಟ್‌ನ ದೋಷ ಮತ್ತು ತಳ್ಳಿಹಾಕಿದ ವಾರಂಟಿ

ಇವರಿಗೆ,
ವಾರಂಟಿ ಹಾಗೂ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಕಿಟ್ ಹಾಕಿದ ಒಂಬತ್ತನೇ ದಿನಕ್ಕೆ ಕಂಪ್ರೆಸರ್ ಮತ್ತೆ ಕೆಟ್ಟಿರುವುದು, ಪಿಸ್ಟನ್ ರಿಂಗ್ ಮತ್ತು ಡ್ರೈಯರ್ ಮಣಿಗಳ ದೋಷ, ಕೈಪಿಡಿಯಲ್ಲಿನ ಅಪಾಯಕಾರಿ ತಪ್ಪುಗಳು

ಮಾನ್ಯರೇ,

ಕಾರಿನ ಏರ್ ಸಸ್ಪೆನ್ಶನ್ ಕಂಪ್ರೆಸರ್‌ಗೆಂದು (ಕಾರಿನ ಮೈಯನ್ನು ಹೊರುವ ಗಾಳಿಚೀಲಗಳಿಗೆ ಗಾಳಿ ತುಂಬುವ ಪಂಪ್‌ಗೆಂದು) ನೀವು ಮಾರುವ ದುರಸ್ತಿ ಕಿಟ್‌ನ ಡಬ್ಬಿಯ ಮೇಲೆ "ಮನೆಯಲ್ಲೇ ಜೋಡಿಸಬಹುದು" ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಆ ಮಾತನ್ನು ನಂಬಿ ಕಿಟ್ ಕೊಂಡು, ನಿಮ್ಮ ಕೈಪಿಡಿಯ ಕ್ರಮದಲ್ಲೇ ಜೋಡಿಸಿದ್ದಾಯಿತು. ಒಂಬತ್ತನೇ ದಿನಕ್ಕೆ ಕಂಪ್ರೆಸರ್ ಒತ್ತಡ ಕಟ್ಟುವುದನ್ನು ನಿಲ್ಲಿಸಿತು. ವಾರಂಟಿ ಕೇಳಿದ್ದಕ್ಕೆ ನಿಮ್ಮಿಂದ ಬಂದ ಉತ್ತರ ಇಷ್ಟೇ: ಗಾಳಿ ಎಲ್ಲೋ ಸೋರುತ್ತಿರಬೇಕು, ಜೋಡಿಸಿದವರು ತರಬೇತಿ ಪಡೆದ ಮೆಕ್ಯಾನಿಕ್ ಅಲ್ಲ, ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ. ಬಿಚ್ಚಿದ ಭಾಗಗಳನ್ನು ಕಳಿಸಿ ಎಂದು ಕೂಡ ನೀವು ಕೇಳಲಿಲ್ಲ. ಈ ಉತ್ತರವನ್ನು ಒಪ್ಪಲು ಸಾಧ್ಯವಿಲ್ಲ. ಏಕೆ ಎಂಬುದನ್ನು ಅಳತೆಗಳ ಸಮೇತ ಕೆಳಗೆ ಬರೆದಿದ್ದೇನೆ.

ಮೊದಲಿಗೆ ಸೋರಿಕೆಯ ಮಾತು. ಕಂಪ್ರೆಸರ್ ಸಾಯುವುದು ಹೆಚ್ಚಾಗಿ ಸೋರಿಕೆಯಿಂದಲೇ ಎಂಬುದು ನಿಜ. ಗಾಳಿಚೀಲದ ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಸಾಕು, ದಿನಕ್ಕೆ ಕೆಲವೇ ಬಾರಿ ಓಡಬೇಕಾದ ಮೋಟಾರ್ ಪದೇ ಪದೇ ಓಡುತ್ತದೆ, ಸಿಲಿಂಡರ್ ಕಾದು, ಪಿಸ್ಟನ್ ಸುತ್ತ ಗಾಳಿ ಸೋರದಂತೆ ಹಿಡಿಯುವ ರಿಂಗ್ ಸವೆಯುತ್ತದೆ. ಸೋರಿಕೆಯನ್ನು ಹಾಗೇ ಬಿಟ್ಟು ಕಂಪ್ರೆಸರ್ ಒಂದನ್ನೇ ಸರಿಮಾಡಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿಯೇ ಕಿಟ್ ಡಬ್ಬಿ ಒಡೆಯುವ ಮೊದಲೇ ಸೋರಿಕೆ ಪರೀಕ್ಷೆ ಮುಗಿದಿತ್ತು. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಮೂಲೆಗಳಲ್ಲಿ ಗುರುತು ಮಾಡಿ, ಸಸ್ಪೆನ್ಶನ್ ಕಂಟ್ರೋಲ್ ಯೂನಿಟ್‌ನ ಫ್ಯೂಸ್ ತೆಗೆದು, 24 ಗಂಟೆ ಬಿಡಲಾಯಿತು. ಫ್ಯೂಸ್ ತೆಗೆಯುವುದು ಮುಖ್ಯ. ಇಲ್ಲವಾದರೆ ಕೆಲವು ಕಾರುಗಳಲ್ಲಿ ಯೂನಿಟ್ ಆಗಾಗ ಎಚ್ಚರಗೊಂಡು, ಇಳಿದ ಮೂಲೆಯ ಮಟ್ಟಕ್ಕೆ ಉಳಿದ ಮೂರನ್ನೂ ಇಳಿಸಿಬಿಡುತ್ತದೆ, ಸೋರುವ ಮೂಲೆ ಯಾವುದೆಂದೇ ಗೊತ್ತಾಗುವುದಿಲ್ಲ. ನಮ್ಮ ಅಳತೆಯಲ್ಲಿ ನಾಲ್ಕೂ ಕಡೆ ಇಳಿದದ್ದು 2 ಮಿ.ಮೀ. ಒಳಗೆ. ಗಾಳಿಚೀಲ, ಚೀಲಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್, ಪೈಪಿನ ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿದಾಗಲೂ ಒಂದು ಗುಳ್ಳೆ ಏಳಲಿಲ್ಲ. ಕಂಪ್ರೆಸರ್ ಕೆಟ್ಟ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದರೂ ಫಲ ಬದಲಾಗಲಿಲ್ಲ. "ಸೋರುತ್ತಿರಬೇಕು" ಎಂದು ನೋಡದೆಯೇ ಬರೆದವರು ನೀವು. ನಿಮ್ಮ ಕೈಪಿಡಿಯಲ್ಲಿ ಸೋರಿಕೆ ಪರೀಕ್ಷೆಯ ಬಗ್ಗೆ ಒಂದು ಸಾಲೂ ಇಲ್ಲ.

ವಿದ್ಯುತ್ ಕಡೆಯೂ ಸಂದೇಹಕ್ಕೆ ಎಡೆಯಿಲ್ಲ. ಹಳೆಯ ರಿಲೇಯ (ಮೋಟಾರ್‌ಗೆ ವಿದ್ಯುತ್ ಕೊಟ್ಟು ಕಡಿಯುವ ಸ್ವಿಚ್ಚಿನ) ಪಾಯಿಂಟುಗಳು ಬೆಸೆದುಕೊಂಡರೆ ಕೀ ತೆಗೆದ ಮೇಲೂ ಮೋಟಾರ್ ಓಡುತ್ತಲೇ ಇದ್ದು ಸುಟ್ಟುಹೋಗುತ್ತದೆ. ರಿಲೇ ಹೊರತೆಗೆದು 30 ಮತ್ತು 87ನೇ ಪಿನ್‌ಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸಂಪರ್ಕ ಇರಬಾರದು. ಇರಲಿಲ್ಲ. ಆದರೂ ಹೊಸ ರಿಲೇಯನ್ನೇ ಹಾಕಲಾಗಿದೆ. ಫ್ಯೂಸ್ ಕಾರಿನ ಪಟ್ಟಿಯಲ್ಲಿರುವ ಆಂಪಿಯರ್‌ನದೇ.

ಈಗ ಬಿಚ್ಚಿದ ಕಂಪ್ರೆಸರ್‌ನಲ್ಲಿ ಕಂಡದ್ದಕ್ಕೆ ಬರುತ್ತೇನೆ.

ಕಿಟ್‌ನಲ್ಲಿ ಎರಡು ಪಿಸ್ಟನ್ ರಿಂಗ್ ಇರುತ್ತವೆ, ಒಂದು ಹಾಕಲು, ಇನ್ನೊಂದು ಹೆಚ್ಚುವರಿ. ಬಳಸದೆ ಉಳಿದ ಎರಡನೆಯದನ್ನೇ ಅಳೆದಿದ್ದೇನೆ, ಏಕೆಂದರೆ ಅದನ್ನು ಸವೆದದ್ದು ಎನ್ನಲು ನಿಮಗೆ ಬಾರದು. ಪೊಟ್ಟಣದ ಮೇಲೆ ದಪ್ಪ 1.5 ಮಿ.ಮೀ. ಎಂದಿದೆ. ವರ್ನಿಯರ್ ಹಿಡಿದು ನಾಲ್ಕು ಕಡೆ ನೋಡಿದಾಗ ಸಿಕ್ಕದ್ದು 1.5, 1.4, 1.2, 1.4. ಈ ರಿಂಗನ್ನು ಸಿಲಿಂಡರ್‌ನಲ್ಲಿ ಒಂಟಿಯಾಗಿ ನೇರ ಕೂರಿಸಿ ಕೆಳಗಿನಿಂದ ಟಾರ್ಚ್ ಬಿಟ್ಟರೆ, ತೆಳುವಾದ ಬದಿಯಲ್ಲಿ ಬಿದಿಗೆ ಚಂದ್ರನಂತೆ ಬೆಳಕಿನ ಗೆರೆ ಕಾಣುತ್ತದೆ. ಆ ಗೆರೆಯಿದ್ದಲ್ಲಿ ಗಾಳಿ ಹಿಡಿದು ನಿಲ್ಲುವುದಿಲ್ಲ. ಗಾಳಿಚೀಲದಲ್ಲಿ ಸಾಮಾನ್ಯವಾಗಿ 5ರಿಂದ 10 ಬಾರ್ ಇರುತ್ತದೆ, ಟೈರಿನಲ್ಲಿರುವುದು ಎರಡೂವರೆ ಬಾರ್‌ನ ಆಸುಪಾಸು. ಅಷ್ಟು ಒತ್ತಡ ಎದುರಿಸಬೇಕಾದ ರಿಂಗಿಗೆ 0.3 ಮಿ.ಮೀ. ವ್ಯತ್ಯಾಸ ಸಣ್ಣದಲ್ಲ. ಬಿಸಿ ಗಾಳಿ ರಿಂಗ್ ದಾಟಿ ಕೆಳಗಿಳಿದು ಮೋಟಾರ್ ಕಡೆಯನ್ನೂ ಕಾಯಿಸುತ್ತದೆ, ಅದೇ ಎತ್ತರಕ್ಕೆ ಕಾರು ಏಳಲು ಮೊದಲಿನ ದುಪ್ಪಟ್ಟು ಹೊತ್ತು ಬೇಕಾಗುತ್ತದೆ, ಅಷ್ಟರಲ್ಲಿ ಉಷ್ಣ ರಕ್ಷಣೆ ಕೆಲಸ ಮಾಡಿ ಯೂನಿಟ್ ಕಂಪ್ರೆಸರನ್ನು ಬಂದ್ ಮಾಡುತ್ತದೆ. ಒಂಬತ್ತನೇ ದಿನ ಔಟ್‌ಲೆಟ್‌ಗೆ ಗೇಜ್ ಕಟ್ಟಿ ಓಡಿಸಿದಾಗ ಮುಳ್ಳು 4 ಬಾರ್ ಮುಟ್ಟಿ ಅಲ್ಲೇ ನಿಂತಿತು. ಮೋಟಾರ್ ಮಾತ್ರ ಸದ್ದು ಬದಲಿಸದೆ ಓಡುತ್ತಿತ್ತು.

ಹಾಕಿದ್ದ ರಿಂಗ್ ಹೊರಬಂದಾಗ ಒಂದು ಬದಿ ಕಾಗದದಷ್ಟು ಸವೆದಿತ್ತು. ಆ ಬದಿಯಲ್ಲಿ ಪಿಸ್ಟನ್ನಿನ ಲೋಹವೇ ಗೋಡೆಗೆ ಉಜ್ಜಿ, ಉಗುರು ಎಳೆದರೆ ತಡೆಯುವಂಥ ಗೀರು ಬಿದ್ದಿದೆ. ಉಗುರಿಗೆ ತಗಲುವ ಗೀರು ಬಿದ್ದ ಸಿಲಿಂಡರ್‌ಗೆ ಎಷ್ಟೇ ಒಳ್ಳೆಯ ರಿಂಗ್ ಹಾಕಿದರೂ ಅದು ಬಾಳುವುದಿಲ್ಲ. ಕಿಟ್ ಜೋಡಿಸುವ ಮೊದಲು ತೆಗೆದ ಚಿತ್ರದಲ್ಲಿ ಇದೇ ಗೋಡೆ ನುಣುಪಾಗಿದೆ. ಎಂದರೆ ನಿಮ್ಮ ರಿಂಗ್ ತಾನು ಕೆಟ್ಟದ್ದಲ್ಲದೆ ಸಿಲಿಂಡರನ್ನೂ ಕೆಡಿಸಿದೆ.

ಡ್ರೈಯರ್‌ನ ಕಥೆ ಇದಕ್ಕಿಂತ ಗಂಭೀರ. ಕಂಪ್ರೆಸರ್ ಹೀರುವ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಒತ್ತಿದ ಗಾಳಿ ಪೈಪಿನಲ್ಲಿ ತಣ್ಣಗಾದಾಗ ಆ ತೇವ ನೀರಾಗಿ ಇಳಿದು ವಾಲ್ವ್ ಬ್ಲಾಕ್‌ನಲ್ಲಿ ತುಕ್ಕು ಹಿಡಿಸುತ್ತದೆ, ಚಳಿಗೆ ಹೆಪ್ಪುಗಟ್ಟಿ ವಾಲ್ವನ್ನು ಕಚ್ಚಿಸುತ್ತದೆ. ಅದನ್ನು ತಡೆಯುವುದು ಡ್ರೈಯರ್ ಕೋಣೆಯಲ್ಲಿರುವ ತೇವ ಹೀರುವ ಮಣಿಗಳು. ಕಾರು ಇಳಿಯುವಾಗ ಒಣ ಗಾಳಿ ಅದೇ ಕೋಣೆಯ ಮೂಲಕ ಹಿಂದಕ್ಕೆ ಹೊರಬರುತ್ತಾ ಮಣಿಗಳ ತೇವವನ್ನು ಹೊತ್ತೊಯ್ಯುತ್ತದೆ. ಮಣಿಗಳು ವರ್ಷಗಟ್ಟಲೆ ಬಾಳುವುದು ಹೀಗೆ. ಆದರೆ ಇದಕ್ಕೆ ಎರಡು ಷರತ್ತು: ಹಾಕುವಾಗ ಮಣಿ ಪೂರ್ತಿ ಒಣಗಿರಬೇಕು, ಮತ್ತು ಕೋಣೆಯಲ್ಲಿ ಅಲುಗಾಡದಂತೆ ಕಿಕ್ಕಿರಿದು ತುಂಬಿರಬೇಕು. ನಿಮ್ಮ ಕಿಟ್ ಎರಡರಲ್ಲೂ ಸೋತಿದೆ.

ಮಣಿಗಳಿದ್ದ ಚೀಲದ ಬೆಸುಗೆ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಅದು ಕಣ್ಣಿಗೆ ಬಿದ್ದದ್ದು ಮಣಿ ಸುರಿದು ಚೀಲ ಮಡಚುವಾಗ. ಉಳಿದಿದ್ದ ಒಂದು ಹಿಡಿಯಷ್ಟು ಮಣಿಯನ್ನು ಪರೀಕ್ಷಿಸಿದ್ದು ಆಮೇಲೆ. ಒಣಗಿದ ಮಾಲಿಕ್ಯುಲರ್ ಸೀವ್ ಮಣಿಗಳನ್ನು ಒದ್ದೆ ಅಂಗೈಯಲ್ಲಿ ಹಿಡಿದರೆ ಚುರುಕು ಮುಟ್ಟಿಸುವಷ್ಟು ಬಿಸಿಯಾಗುತ್ತವೆ, ಏಕೆಂದರೆ ನೀರು ಹೀರುವಾಗ ಅವು ಶಾಖ ಬಿಡುತ್ತವೆ. ನಿಮ್ಮ ಮಣಿಗಳು ತಣ್ಣಗೇ ಇದ್ದವು. ಡಬ್ಬಿಯಲ್ಲಿರುವಾಗಲೇ ಅವು ಹೀರುವಷ್ಟು ಹೀರಿ ಮುಗಿಸಿದ್ದವು. ಈ ವಿಷಯ ತಿಳಿಸಿದಾಗ ನಿಮ್ಮ ಸಹಾಯವಾಣಿಯವರು "ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಂದು ಗಂಟೆ ಇಡಿ" ಎಂದರು. ಅದು ಸಿಲಿಕಾ ಜೆಲ್‌ಗೆ ಹೊಂದುವ ಮಾತು. ಚೀಲದ ಮೇಲೆ ನೀವೇ ಬರೆದಿರುವ ಮಾಲಿಕ್ಯುಲರ್ ಸೀವ್ ಚೆನ್ನಾಗಿ ಒಣಗಬೇಕಾದರೆ 200ರಿಂದ 300 ಡಿಗ್ರಿ ಸೆಲ್ಸಿಯಸ್ ಬೇಕು. ಏನು ಮಾರುತ್ತಿದ್ದೇವೆ ಎಂಬುದು ಸಹಾಯ ಹೇಳುವವರಿಗೇ ಗೊತ್ತಿಲ್ಲದಿದ್ದರೆ ಕೊಂಡವರು ಯಾರನ್ನು ಕೇಳಬೇಕು?

ಪ್ರಮಾಣವೂ ಕಡಿಮೆ. ಹಳೆಯ ಮಣಿಗಳನ್ನು ಅಳತೆ ಲೋಟಕ್ಕೆ ಸುರಿದಾಗ 150 ಮಿ.ಲೀ. ಇದ್ದವು; ನಿಮ್ಮ ಚೀಲದಲ್ಲಿದ್ದದ್ದು 130ಕ್ಕೂ ಕಡಿಮೆ, ಪರೀಕ್ಷೆಗೆ ಉಳಿದ ಹಿಡಿಯನ್ನೂ ಸೇರಿಸಿ. (ತೂಕದಲ್ಲಿ ಅಳೆದರೆ ಮೋಸ ಹೋಗುತ್ತೇವೆ, ನೀರು ಕುಡಿದ ಮಣಿ ತೂಗುವುದು ಹೆಚ್ಚು.) ಕೈಪಿಡಿ ಹೇಳುವುದು "ಒತ್ತು ತಟ್ಟೆ ಕೂರುವಷ್ಟು ಸುರಿದರೆ ಸಾಕು" ಎಂದು. ತಟ್ಟೆಯೇನೋ ಕೂರುತ್ತದೆ, ಆದರೆ ಅದರ ಸ್ಪ್ರಿಂಗ್ ಮಣಿಗಳನ್ನು ಅದುಮಿ ಹಿಡಿಯುವುದಿಲ್ಲ. ಬಿಚ್ಚುವ ಮೊದಲು ಡ್ರೈಯರ್ ಅಲುಗಿಸಿದರೆ ಗಿಲಕಿಯಂತೆ ಸದ್ದು ಬರುತ್ತಿತ್ತು. ಸಡಿಲ ಮಣಿ ಒಂದಕ್ಕೊಂದು ಉಜ್ಜಿ ಹಿಟ್ಟಾಗುತ್ತದೆ, ಆ ಹಿಟ್ಟು ಗಾಳಿಯ ಜತೆ ಹೊರಟು, ಕಾರು ಇಳಿಯುವಾಗ ಗಾಳಿ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ನ ರಬ್ಬರ್ ಅಂಚಿನ ಮೇಲೆ ಕೂರುತ್ತದೆ. ಬಿಚ್ಚಿದಾಗ ಅಲ್ಲಿ ಕಂಡದ್ದು ಗೋಧಿ ಹಿಟ್ಟಿನಂಥ ಬಿಳಿ ಪದರ. ವಾಲ್ವ್ ಪೂರ್ತಿ ಮುಚ್ಚದೆ, ಕಂಪ್ರೆಸರ್ ಕಟ್ಟಿದ ಅಷ್ಟಿಷ್ಟು ಗಾಳಿಯೂ ಅಲ್ಲಿಂದಲೇ ಹೊರಗೆ ಹೋಗುತ್ತಿತ್ತು. ಕೋಣೆಯ ಎರಡೂ ತುದಿಗೆ ಬೇಕಾದ ಫೆಲ್ಟ್ ಬಿಲ್ಲೆಗಳಲ್ಲಿ ಒಂದನ್ನಷ್ಟೇ ಕೊಟ್ಟಿದ್ದೀರಿ. ಇನ್ನೊಂದು ತುದಿಗೆ ಹಳೆಯದನ್ನೇ ತೊಳೆದು ಒಣಗಿಸಿ ಹಾಕಬೇಕಾಯಿತು.

ಇನ್ನು ಕೈಪಿಡಿ. "ಸಿಲಿಂಡರ್ ಗೋಡೆಗೆ ತೆಳುವಾಗಿ ಗ್ರೀಸ್ ಹಚ್ಚಿ" ಎಂಬ ಸಾಲು ತಪ್ಪು. ಈ ಕಂಪ್ರೆಸರ್‌ಗಳು ಎಣ್ಣೆಯಿಲ್ಲದೆ ಓಡಲೆಂದೇ ಮಾಡಿದವು, ರಿಂಗಿನ ವಸ್ತುವೇ ಜಾರುವ ಗುಣದ್ದು. ಹಚ್ಚಿದ ಗ್ರೀಸ್ ಸವೆತದ ಪುಡಿಯೊಡನೆ ಕಲಸಿ ಉಜ್ಜುವ ಪೇಸ್ಟ್ ಆಗುತ್ತದೆ, ಬಿಸಿಗೆ ಹಬೆಯಾಗಿ ಡ್ರೈಯರ್ ಮಣಿಗಳ ರಂಧ್ರ ಮುಚ್ಚುತ್ತದೆ. ಈ ಒಂದು ಸೂಚನೆಯನ್ನು ಪಾಲಿಸಲಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ. ಗ್ರೀಸ್ ಬೇಕಾಗುವುದು ಓ-ರಿಂಗ್‌ಗಳಿಗೆ ಮಾತ್ರ, ಅದೂ ಸಿಲಿಕೋನ್ ಗ್ರೀಸ್, ಬೆರಳಿಗೆ ಹತ್ತಿದಷ್ಟು. ಹೆಡ್ಡಿನ ಸ್ಕ್ರೂಗಳನ್ನು ಎಷ್ಟು ಟಾರ್ಕ್‌ಗೆ ಬಿಗಿಯಬೇಕೆಂದು ಎಲ್ಲೂ ಬರೆದಿಲ್ಲ. ಸ್ಕ್ರೂ ಕೂರುವ ಅಲ್ಯುಮಿನಿಯಂ ಎಳೆಗಳು ಕೈಯಂದಾಜಿಗೆ ಕಿತ್ತುಬರುವಷ್ಟು ಮೆದು. ಪೈಪಿನ ಹಿತ್ತಾಳೆ ಕಾಲರ್ ಒಮ್ಮೆ ಕಚ್ಚಿದ ಮೇಲೆ ಎರಡನೇ ಸಲ ಸರಿಯಾಗಿ ಸೀಲ್ ಆಗುವುದಿಲ್ಲ, ಹೊಸದನ್ನು ಕಿಟ್‌ನಲ್ಲಿ ಇಟ್ಟಿಲ್ಲ.

ಇವೆಲ್ಲ ಬರೀ ಭಾಗ ಕೆಡುವ ಮಾತು. ಪ್ರಾಣಕ್ಕೆ ಸಂಬಂಧಿಸಿದ್ದು ಬೇರೆ ಇದೆ. ನಿಮ್ಮ ಕೈಪಿಡಿಯ ಎರಡನೇ ಹಂತ ಹೀಗಿದೆ: "ಜಾಕ್‌ನಿಂದ ಕಾರು ಎತ್ತಿ ಗಾಳಿ ಪೈಪ್ ಬಿಚ್ಚಿ." ಈ ಸಾಲನ್ನು ಹಾಗೆಯೇ ನಂಬಿ ಕಾರಿನ ಕೆಳಗೆ ತಲೆ ಹಾಕಿದವರ ಗತಿ ಏನಾಗಬಹುದೆಂದು ದಯವಿಟ್ಟು ಯೋಚಿಸಿ. ತಪ್ಪು ಪೈಪ್ ಬಿಚ್ಚಿದರೆ ಆ ಮೂಲೆಯ ಚೀಲ ಕ್ಷಣದಲ್ಲಿ ಖಾಲಿಯಾಗಿ ಕಾರಿನ ಮೈ ಕುಸಿಯುತ್ತದೆ. ಕೀ ತೆಗೆದಿದ್ದರೂ ಬಾಗಿಲು ತೆಗೆದು ಮುಚ್ಚಿದ್ದಕ್ಕೆ ಯೂನಿಟ್ ಎದ್ದು ತಾನಾಗಿ ಮಟ್ಟ ಬದಲಿಸಬಹುದು. ಮೊದಲು ಯೂನಿಟ್ ತಾನಾಗಿ ಮಟ್ಟ ಬದಲಿಸದಂತೆ ತಡೆಯುವ ಜಾಕ್ ಮೋಡ್ ಹಾಕಬೇಕು, ಚಕ್ರಗಳಿಗೆ ಅಡ್ಡ ಕೊಡಬೇಕು, ಕಾರು ಎತ್ತಿ ತಯಾರಕರು ಹೇಳಿದ ಜಾಗಗಳಲ್ಲೇ ಸ್ಟ್ಯಾಂಡ್ ಕೊಡಬೇಕು, ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಆಮೇಲೆ ಕನ್ನಡಕ ಹಾಕಿಕೊಂಡು ನಟ್ಟನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಒಳಗಿನ ಒತ್ತಡ ಸುಯ್ಯೆಂದು ಪೂರ್ತಿ ಹೋಗುವವರೆಗೆ ಕಾಯಬೇಕು. ಇದರಲ್ಲಿ ಒಂದೂ ನಿಮ್ಮ ಕಾಗದದಲ್ಲಿಲ್ಲ.

ಮುಗಿಸುವ ಹಂತದಲ್ಲೂ ಅಷ್ಟೇ. ಚಕ್ರ ತೂಗುತ್ತಿರುವಾಗ ಚೀಲ ಖಾಲಿಯಾಗಿದ್ದರೆ, ಕಾರನ್ನು ಒಮ್ಮೆಲೇ ನೆಲಕ್ಕೆ ಇಳಿಸಿದಾಗ ರಬ್ಬರ್ ಅಡ್ಡಾದಿಡ್ಡಿ ಮಡಚಿ, ಆಮೇಲೆ ಗಾಳಿ ತುಂಬಿದಾಗ ಮಡಿಕೆಯಲ್ಲಿ ಸೀಳುತ್ತದೆ. ಪೂರ್ತಿ ಭಾರ ಬೀಳುವ ಮೊದಲು ಚೀಲಕ್ಕೆ ಸ್ವಲ್ಪ ಗಾಳಿ ಹೋಗಿರಬೇಕು. "ಕಾರು ಇಳಿಸಿ, ಸ್ಟಾರ್ಟ್ ಮಾಡಿ" ಎಂಬ ನಿಮ್ಮ ಕೊನೆಯ ಹಂತವನ್ನು ಪಾಲಿಸಿದವರು ಕಂಪ್ರೆಸರ್ ಸರಿಮಾಡಲು ಹೋಗಿ ಗಾಳಿಚೀಲ ಕಳೆದುಕೊಳ್ಳಬಹುದು.

"ತರಬೇತಿ ಇಲ್ಲದವರು" ಎಂಬ ಆಕ್ಷೇಪಕ್ಕೆ ಉತ್ತರ ನಿಮ್ಮ ಡಬ್ಬಿಯ ಮೇಲೆಯೇ ಇದೆ. ಮನೆಯಲ್ಲಿ ಜೋಡಿಸಿ ಎಂದು ಮಾರಿ, ಮನೆಯಲ್ಲಿ ಜೋಡಿಸಿದ್ದಕ್ಕೇ ವಾರಂಟಿ ಇಲ್ಲ ಎನ್ನುವುದು ನ್ಯಾಯವಲ್ಲ. ವಾರಂಟಿ ಚೀಟಿಯಲ್ಲಿಯೂ ಅಂಥ ಷರತ್ತಿಲ್ಲ.

ಆದ್ದರಿಂದ ಕಿಟ್‌ನ ಪೂರ್ತಿ ಹಣ ಹಿಂದಿರುಗಿಸಬೇಕು, ಹಾಗೂ ನಿಮ್ಮ ರಿಂಗ್‌ನಿಂದ ಗೀರು ಬಿದ್ದ ಸಿಲಿಂಡರ್ ಮತ್ತು ಪುಡಿ ಹೊಕ್ಕ ಎಕ್ಸಾಸ್ಟ್ ವಾಲ್ವ್ ಬದಲಿಸಿಕೊಡಬೇಕು, ಇಲ್ಲವೇ ಅವುಗಳ ಬೆಲೆ ಭರಿಸಬೇಕು. ಬದಲಿ ಕಿಟ್ ಬೇಡ. ಅದೇ ತಯಾರಿ ತಂಡದ (ಬ್ಯಾಚ್‌ನ) ರಿಂಗ್ ಮತ್ತೆ ಬಂದರೆ ಆಗುವುದು ಇದೇ. ಡಬ್ಬಿಯ ಮೇಲಿನ ತಯಾರಿ ತಂಡದ ಸಂಖ್ಯೆಯ ಚಿತ್ರ ಲಗತ್ತಿಸಿದ್ದೇನೆ. ಆ ತಂಡದ ಕಿಟ್‌ಗಳ ಮಾರಾಟ ನಿಲ್ಲಿಸಿ, ರಿಂಗ್‌ಗಳನ್ನು ಅಳೆಸಿ, ಈಗಾಗಲೇ ಕೊಂಡವರಿಗೆ ತಿಳಿಸಿ. ಕೈಪಿಡಿಯ ಎರಡನೇ ಹಂತ ಮತ್ತು ಕೊನೆಯ ಹಂತವನ್ನು ತಿದ್ದುವ ಕೆಲಸ ಮಾತ್ರ ನನ್ನ ಹಣದ ವಿಷಯ ತೀರ್ಮಾನವಾಗುವವರೆಗೂ ಕಾಯಬಾರದು, ಈ ವಾರವೇ ಆಗಬೇಕು.

ಎರಡೂ ರಿಂಗ್, ಉಳಿದ ಮಣಿ, ಹರಿದ ಚೀಲ, ಸಿಲಿಂಡರ್ ಎಲ್ಲವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ನಿಮ್ಮ ತಂತ್ರಜ್ಞರು ಬಂದು ಎದುರಿಗೇ ಅಳೆಯಬಹುದು. ಭಾಗಗಳನ್ನು ಲಿಖಿತ ರಸೀದಿ ಇಲ್ಲದೆ ಕಳಿಸುವುದಿಲ್ಲ. ಪತ್ರ ತಲುಪಿದ 15 ದಿನಗಳೊಳಗೆ, ಭಾಗಗಳನ್ನು ಪರೀಕ್ಷಿಸಿದವರ ಸಹಿಯಿರುವ ಲಿಖಿತ ಉತ್ತರವನ್ನು ಎದುರು ನೋಡುತ್ತೇನೆ.

ಇಂತಿ,
ನಿಮ್ಮ ಕಿಟ್ ಕೊಂಡ ಗ್ರಾಹಕ

ಲಗತ್ತು: ಖರೀದಿ ರಸೀದಿ ಮತ್ತು ವಾರಂಟಿ ಚೀಟಿಯ ಪ್ರತಿ, ಎತ್ತರದ ಅಳತೆಗಳ ಎರಡು ಹಾಳೆ, ರಿಂಗ್ ಅಳತೆಯ ಚಿತ್ರಗಳು, ಜೋಡಿಸುವ ಮೊದಲಿನ ಮತ್ತು ನಂತರದ ಸಿಲಿಂಡರ್ ಚಿತ್ರಗಳು, ತಯಾರಿ ತಂಡದ ಸಂಖ್ಯೆಯ ಚಿತ್ರ