ಟಿಬಿಲಿಸಿಯ ಭಾನುವಾರ ಹಾಸ್ಟೆಲ್ ಕೋಣೆಯಲ್ಲೇ ಮುಗಿಯದಿರಲಿ

ಮಾನ್ಯ ಸಂಪಾದಕರೇ,

ವೈದ್ಯಕೀಯ ಓದಲು ಜಾರ್ಜಿಯಾ ದೇಶಕ್ಕೆ, ಅದರ ರಾಜಧಾನಿ ಟಿಬಿಲಿಸಿಗೆ ಹೊರಟ ಮಕ್ಕಳ ಪೋಷಕರು ಶುಲ್ಕ, ಹಾಸ್ಟೆಲ್, ಊಟ, ಚಳಿ ಎಲ್ಲವನ್ನೂ ವಿಚಾರಿಸುತ್ತಾರೆ. ರಜೆಯ ದಿನ ಅಲ್ಲಿ ಏನು ಮಾಡಬೇಕೆಂದು ಕೇಳುವವರು ಕಡಿಮೆ. ಓದಿನ ಗುಣಮಟ್ಟಕ್ಕೂ ಆ ಬಿಡುವಿಗೂ ನೇರ ನಂಟಿದೆ ಎಂಬುದನ್ನು ತಿಳಿಸಲು ಈ ಪತ್ರ.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ, ಮುಂದೆ ಭಾರತದಲ್ಲಿ ವೈದ್ಯರಾಗಬೇಕಾದರೆ ವಿದೇಶದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಪಾಠವೇನೋ ಇಂಗ್ಲಿಷಿನಲ್ಲಿ. ಆದರೆ ವಾರ್ಡಿನಲ್ಲಿ ಮಲಗಿರುವ ಅಜ್ಜಿ ಆಡುವುದು ಜಾರ್ಜಿಯನ್. ವಾರಾಂತ್ಯವನ್ನೆಲ್ಲ ಮೊಬೈಲಿನಲ್ಲೂ ನಮ್ಮವರ ನಡುವೆಯೂ ಕಳೆದ ವಿದ್ಯಾರ್ಥಿ ಕ್ಲಿನಿಕಲ್ ವರ್ಷಗಳಲ್ಲಿ ರೋಗಿಯ ಮುಂದೆ ಮೂಕನಾಗಿ ನಿಲ್ಲುತ್ತಾನೆ. ಇದು ತಪ್ಪಿಸಬಹುದಾದ ನಷ್ಟ.

ಬಿಡುವಿನಲ್ಲಿ ಮೊದಲು ಕಲಿಯಬೇಕಾದ್ದು ಜಾರ್ಜಿಯನ್ ಲಿಪಿ. ಒಟ್ಟು 33 ಅಕ್ಷರ. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ, ಬರೆದಂತೆಯೇ ಓದು. ದಿನಕ್ಕೆ ನಾಲ್ಕರಂತೆ ಕಲಿತರೆ ಹತ್ತು ದಿನದೊಳಗೆ ಅಂಗಡಿಯ ಬೋರ್ಡು ಓದಲು ಬರುತ್ತದೆ. ಕಷ್ಟವಿರುವುದು ಉಚ್ಚಾರದಲ್ಲಿ. ಅಲ್ಲಿ ಕ, ತ, ಪ ಎರಡೆರಡು ಬಗೆ: ಒಂದು ನಮ್ಮ ಮಹಾಪ್ರಾಣದಂತೆ ಉಸಿರು ಬಿಟ್ಟು ಹೇಳುವಂಥದ್ದು, ಇನ್ನೊಂದು ಗಂಟಲು ಬಿಗಿಹಿಡಿದು ಸಿಡಿಸುವಂಥದ್ದು. ಎರಡನೆಯದು ಪುಸ್ತಕದಿಂದ ಬರುವುದಿಲ್ಲ, ಕೇಳಿ ಕೇಳಿಯೇ ಬರಬೇಕು.

ಅದಕ್ಕೆ ಒಳ್ಳೆಯ ಜಾಗ ರೈಲು ನಿಲ್ದಾಣದ ಬಳಿಯ ಡೆಸರ್ಟಿರ್ ಮಾರುಕಟ್ಟೆ. ಶನಿವಾರ ಬೆಳಿಗ್ಗೆ ಹೋಗಿ, "ರಾ ಘಿರ್ಸ್?" ಎಂದು ಬೆಲೆ ಕೇಳಿ, ಫೋನಿನ ಕ್ಯಾಲ್ಕುಲೇಟರ್ ಮುಂದೆ ಹಿಡಿಯದೆ ಕಿವಿಯಿಂದಲೇ ಅಲ್ಲಿನ ಹಣವಾದ ಲಾರಿ, ಅದರ ಚಿಲ್ಲರೆಯಾದ ತೆತ್ರಿಗಳ ಲೆಕ್ಕ ಹಾಕಬೇಕು. ಜಾರ್ಜಿಯನ್ ಎಣಿಕೆ ಇಪ್ಪತ್ತರ ಲೆಕ್ಕದ್ದು. 40 ಎಂದರೆ ಎರಡು ಇಪ್ಪತ್ತು, 60 ಎಂದರೆ ಮೂರು ಇಪ್ಪತ್ತು; 75 ಎನ್ನಲು ಅರವತ್ತರ ಮೇಲೆ ಹದಿನೈದು ಎನ್ನುತ್ತಾರೆ. ಅಭ್ಯಾಸವಿಲ್ಲದವರು 'ಸಮೊತ್ಸ್' (ಮೂರು ಇಪ್ಪತ್ತು) ಅನ್ನುವಷ್ಟು ಕಿವಿಗೆ ಬೀಳುತ್ತಲೇ ಕೇಸ್ ಶೀಟಿನಲ್ಲಿ ವಯಸ್ಸು 60 ಎಂದು ಬರೆದುಬಿಡುತ್ತಾರೆ. ರಕ್ತದೊತ್ತಡದಲ್ಲೂ ಇದೇ ಎಡವಟ್ಟು: 130 ಅನ್ನು ನೂರು, ಇಪ್ಪತ್ತು, ಹತ್ತು ಎಂದು ಕೂಡಿಸಿ ಹೇಳಿದಾಗ 120ಕ್ಕೇ ಪೆನ್ನು ನಿಲ್ಲುತ್ತದೆ. ಟೊಮೆಟೊ ಕೊಳ್ಳುತ್ತಾ ಪಳಗಿದ ಕಿವಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಸಸ್ಯಾಹಾರಿಗಳು ಹೊರಗೆ ಹೋಗಲು ಅಂಜುವುದು ಊಟಕ್ಕಾಗಿ. ಆರ್ಥೊಡಾಕ್ಸ್ ಚರ್ಚಿನ ಉಪವಾಸದ ಊಟಕ್ಕೆ ಅಲ್ಲಿ 'ಸಮಾರ್ಖ್ವೊ' ಎನ್ನುತ್ತಾರೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಇದು ಸುಲಭವಾಗಿ ಸಿಗುತ್ತದೆ. ಮೀನು ಇದೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು. ಹುರುಳಿಕಾಯಿ ಬೀಜದ ಹೂರಣವಿರುವ ಲೋಬಿಯಾನಿ ರೊಟ್ಟಿ ತಿನ್ನಬಹುದು. ಆದರೆ ಹೆಸರಿನ ಮುಂದೆ 'ರಾಚುಲಿ' ಎಂದಿದ್ದರೆ ಅದರಲ್ಲಿ ಹಂದಿಮಾಂಸ ಸೇರಿರುತ್ತದೆ.

ಮನೆಗೆ ಊಟಕ್ಕೆ ಕರೆದರೆ ತಪ್ಪದೆ ಹೋಗಬೇಕು. 'ಸುಪ್ರಾ' ಎಂಬ ಆ ಔತಣದಲ್ಲಿ 'ತಮದಾ' ಎನ್ನುವ ಹಿರಿಯರು ಒಂದೊಂದೇ ಶುಭಹಾರೈಕೆ ನುಡಿಯುತ್ತಾರೆ. ಅವರ ಮಾತು ಮುಗಿಯುವವರೆಗೆ ಲೋಟ ತುಟಿಗೆ ಮುಟ್ಟಿಸಬಾರದು. ಮದ್ಯ ಕುಡಿಯದವರು ಅದನ್ನು ಕೂರುವ ಮೊದಲೇ ಮನೆಯವರಿಗೆ ಹೇಳಿ ಲೆಮನೇಡ್ ಕೇಳಿಕೊಳ್ಳುವುದು ಲೇಸು. ಮನೆಯಲ್ಲೇ ಭಟ್ಟಿ ಇಳಿಸಿದ 'ಚಾಚಾ' ಬಲು ತೀಕ್ಷ್ಣವಾದ ಮದ್ಯ, ಅದರಿಂದ ದೂರವಿರಿ. ಹೊಸ ವರ್ಷದ ಮುಂಜಾನೆ ಮಾತ್ರ ಕರೆಯದೆ ಯಾರ ಮನೆಗೂ ಕಾಲಿಡಬೇಡಿ. ಮೊದಲು ಹೊಸ್ತಿಲು ದಾಟಿದವರ ಕಾಲ್ಗುಣ ವರ್ಷವಿಡೀ ನಡೆಯುತ್ತದೆ ಎಂಬ ನಂಬಿಕೆ ಅವರಲ್ಲೂ ಗಟ್ಟಿಯಾಗಿದೆ.

ಅರ್ಧ ದಿನವಷ್ಟೇ ಸಿಕ್ಕರೆ ಟಿಬಿಲಿಸಿಯ ಡಿದುಬೆ ಬಸ್ ನಿಲ್ದಾಣದಿಂದ ಮಾರ್ಷ್ರುತ್ಕಾ ಎಂಬ ಬಾಡಿಗೆ ವ್ಯಾನ್ ಹಿಡಿದು ಸುಮಾರು 20 ಕಿ.ಮೀ. ದೂರದ ಮ್ತ್ಸ್‌ಖೇತಾಗೆ ಹೋಗಿಬರಬಹುದು. 1994ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಪುರಾತನ ರಾಜಧಾನಿ ಅದು. ಚರ್ಚಿನೊಳಗೆ ಹೆಣ್ಣುಮಕ್ಕಳು ತಲೆಗೆ ಬಟ್ಟೆ ಹೊದೆಯಬೇಕು, ಯಾರೂ ಚಡ್ಡಿಯಲ್ಲಿ ಹೋಗಬಾರದು. ಭಾನುವಾರದ ಪೂಜೆಯ ಹೊತ್ತಿಗೆ ಹೋದರೆ ಮೂರು ದನಿಗಳು ಬೇರೆ ಬೇರೆಯಾಗಿ ಸಾಗುತ್ತಲೇ ಕೂಡುವ ಅವರ ಹಾಡುಗಾರಿಕೆ ಕೇಳಲು ಸಿಗುತ್ತದೆ. ಅದನ್ನು ಕೇಳದೆ ಆರು ವರ್ಷ ಕಳೆದು ಬರುವುದು ನಿಜಕ್ಕೂ ದುಃಖದ ಸಂಗತಿ. ಚಳಿಗಾಲದಲ್ಲಿ ಗುದೌರಿಗೆ ಸ್ಕೀಯಿಂಗ್‌ಗೆ ಹೊರಡುವವರು ತಮ್ಮ ವಿಮೆಯಲ್ಲಿ ಆ ಆಟವೂ ಸೇರಿದೆಯೇ ಎಂದು ಓದಿಕೊಳ್ಳಬೇಕು. ಹಿಮಪಾತದ ಭಯವಿದ್ದಾಗ ಆ ಬೆಟ್ಟದ ದಾರಿ ಮುಚ್ಚುತ್ತದೆ. ಸೋಮವಾರ ಪರೀಕ್ಷೆಯಿದ್ದರೆ ಹೋಗಲೇಬಾರದು.

ಪ್ರವೇಶ ಕೊಡಿಸುವ ಸಲಹಾ ಸಂಸ್ಥೆಗಳಲ್ಲಿ ನಮ್ಮ ಬೇಡಿಕೆ ಇಷ್ಟೇ: ವಿಮಾನ ಹತ್ತುವ ಮೊದಲು ಮಕ್ಕಳಿಗೆ ಲಿಪಿ, ನೂರರವರೆಗಿನ ಎಣಿಕೆ, "ಎಲ್ಲಿ ನೋವು?" ಎಂಬಂಥ ಇಪ್ಪತ್ತು ಪ್ರಶ್ನೆ ಕಲಿಸಿ ಕಳುಹಿಸಿ. ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಮೊದಲ ತಿಂಗಳಲ್ಲೇ ಮಾರುಕಟ್ಟೆಗೆ ಕರೆದೊಯ್ದು, ಚೌಕಾಸಿಯ ಮಾತನ್ನು ಅವರ ಬಾಯಲ್ಲೇ ಆಡಿಸಲಿ.

– ವಿದೇಶದಲ್ಲಿ ವೈದ್ಯಕೀಯ ಓದುವ ಮಕ್ಕಳ ಹಿತೈಷಿಗಳು